ಹಾರಿಸುವ ಮೊದಲು ತೂಗಿ ನೋಡಿ

ಮಕ್ಕಳೇ,

ಕಾಲೇಜಿನ ವಿಜ್ಞಾನ ಸಂಘದವರು, ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಆಗಾಗ ನನ್ನ ಬಳಿ ಬರುತ್ತಾರೆ. "ಮೇಷ್ಟ್ರೇ, ಒಂದು ಬಲೂನಿಗೆ ಕ್ಯಾಮೆರಾ ಕಟ್ಟಿ ಮೂವತ್ತು ಕಿಲೋಮೀಟರ್ ಎತ್ತರಕ್ಕೆ ಕಳಿಸಬೇಕು, ಅಲ್ಲಿಂದ ಭೂಮಿ ಹೇಗೆ ಕಾಣುತ್ತೆ ಅಂತ ನೋಡಬೇಕು" ಎನ್ನುತ್ತಾರೆ. ಆ ಆಸೆ ಕೇಳಿದರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಅದರ ಬೆನ್ನಿಗೇ ಬರುವ ಪ್ರಶ್ನೆ ಒಂದೇ: "ಎಷ್ಟು ಗ್ಯಾಸ್ ತುಂಬಬೇಕು?" ಅದಕ್ಕೆ ನಾನು ಅಂಕಿ ಹೇಳುವುದಿಲ್ಲ. ಲೆಕ್ಕ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಆ ಲೆಕ್ಕಕ್ಕೆ ದೊಡ್ಡ ಗಣಿತ ಬೇಕಿಲ್ಲ, ಬರೀ ಕಳೆಯುವ ಲೆಕ್ಕ ಬಂದರೆ ಸಾಕು. ಆದರೆ ಕಳೆಯಬೇಕಾದದ್ದನ್ನೆಲ್ಲ ಒಂದನ್ನೂ ಬಿಡದೆ ಪ್ರಾಮಾಣಿಕವಾಗಿ ಕಳೆಯಬೇಕು. ಈ ಮಾತನ್ನೇ ಇವತ್ತು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು ಅಂತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಸರಿಯಾಗಿ ಕೂರಲಿ. ಬಲೂನನ್ನು ಮೇಲೆತ್ತುವುದು ಒಳಗಿರುವ ಗ್ಯಾಸ್ ಅಲ್ಲ, ಹೊರಗಿರುವ ಗಾಳಿ. ಬಾವಿಯಿಂದ ನೀರು ಸೇದಿದವರ ಕೈಗೆ ಈ ವಿಷಯ ಗೊತ್ತಿರುತ್ತದೆ. ತುಂಬಿದ ಕೊಡ ನೀರೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರವಾಗಿರುತ್ತದೆ, ನೀರು ಬಿಟ್ಟು ಮೇಲೆ ಬಂದೊಡನೆ ಭಾರವೆಲ್ಲ ತೋಳಿಗೆ ಬೀಳುತ್ತದೆ. ಅಲ್ಲಿಯವರೆಗೆ ಕೊಡವನ್ನು ನೀರೂ ಹೊತ್ತಿರುತ್ತದೆ. ಒಂದು ವಸ್ತು ಎಷ್ಟು ದ್ರವದ ಜಾಗವನ್ನು ಆಕ್ರಮಿಸಿದೆಯೋ ಅಷ್ಟು ದ್ರವದ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ ಎಂದು ಆರ್ಕಿಮಿಡೀಸ್ ತೋರಿಸಿಕೊಟ್ಟ. ಗಾಳಿಗೂ ಅದೇ ನಿಯಮ. ಗಾಳಿಗೆ ತೂಕವೇ ಇಲ್ಲ ಅನ್ನಿಸುವುದು ನಾವು ಅದರೊಳಗೇ ಬದುಕುತ್ತಿರುವುದರಿಂದ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಮೂವತ್ತು ಕಿಲೋಗೂ ಹೆಚ್ಚು ಗಾಳಿ ಇರುತ್ತದೆ.

ಹಾಗಾಗಿ ಮೊದಲ ಕಳೆಯುವಿಕೆ ಇದು: ಪಕ್ಕಕ್ಕೆ ಸರಿದ ಗಾಳಿಯ ತೂಕದಿಂದ ಒಳಗೆ ತುಂಬಿದ ಗ್ಯಾಸಿನ ತೂಕ ಕಳೆಯಿರಿ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 1.293 ಕಿಲೋ, ಹೈಡ್ರೋಜನ್ 0.090, ಹೀಲಿಯಂ 0.179. ಹೈಡ್ರೋಜನ್ ತುಂಬಿದರೆ ಘನ ಮೀಟರಿಗೆ 1.203 ಕಿಲೋ ಎತ್ತುತ್ತದೆ, ಹೀಲಿಯಂ ತುಂಬಿದರೆ 1.114 ಕಿಲೋ. ಇಲ್ಲಿ ಒಂದು ಕ್ಷಣ ನಿಂತು ನೋಡಿ. ಹೀಲಿಯಂ ಹೈಡ್ರೋಜನ್‌ಗಿಂತ ಎರಡು ಪಟ್ಟು ಭಾರ. ಹಾಗಾದರೆ ಅರ್ಧದಷ್ಟೇ ಎತ್ತಬಹುದು ಎಂದು ಎಷ್ಟೋ ಜನ ಬುದ್ಧಿವಂತ ವಿದ್ಯಾರ್ಥಿಗಳೂ ಅಂದುಕೊಳ್ಳುತ್ತಾರೆ. ಆದರೆ ವ್ಯತ್ಯಾಸ ನೂರಕ್ಕೆ ಏಳರಷ್ಟು ಮಾತ್ರ. ಎರಡೂ ಗಾಳಿಯ ಮುಂದೆ ತೀರಾ ಹಗುರವಾದ್ದರಿಂದ ಫಲವನ್ನು ನಿರ್ಧರಿಸುವುದು ಗಾಳಿಯ ತೂಕವೇ. ಗ್ಯಾಸೇ ಬೇಡ, ನಿರ್ವಾತ ಇಟ್ಟರೆ ಹೇಗೆ ಎಂದು ನೀವು ಕೇಳಬಹುದು. 1670ರಲ್ಲಿ ಇಟಲಿಯ ಪಾದ್ರಿ ಫ್ರಾನ್ಸೆಸ್ಕೊ ಲಾನಾ ತಾಮ್ರದ ಗೋಳಗಳಿಂದ ಗಾಳಿ ತೆಗೆದು ಹಡಗನ್ನೇ ಹಾರಿಸುವ ಯೋಜನೆ ಬರೆದಿಟ್ಟಿದ್ದ. ಲೆಕ್ಕ ನೋಡಿ: ನಿರ್ವಾತದಿಂದ ಹೈಡ್ರೋಜನ್‌ಗಿಂತ ಸಿಗುವ ಲಾಭ ಮತ್ತೆ ನೂರಕ್ಕೆ ಏಳರ ಆಸುಪಾಸು. ಆ ಸಣ್ಣ ಲಾಭಕ್ಕಾಗಿ ಗೋಳದ ಪ್ರತಿ ಚದರ ಮೀಟರ್ ಹತ್ತು ಟನ್ನಿನ ಒತ್ತಡವನ್ನು ತಡೆದುಕೊಳ್ಳಬೇಕು. ಅಷ್ಟು ಗಟ್ಟಿಯಾದ ಗೋಳ ತನ್ನ ಭಾರಕ್ಕೇ ನೆಲ ಬಿಡುವುದಿಲ್ಲ.

ಲೆಕ್ಕ ಗೊತ್ತಿದ್ದರೆ ಏನಾಗುತ್ತದೆ, ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 1783ರ ಫ್ರಾನ್ಸನ್ನು ಓದಿ. ಕಾಗದದ ವ್ಯಾಪಾರದ ಮನೆತನದ ಮಾಂಟ್‌ಗೋಲ್ಫಿಯೆ ಸಹೋದರರು ಜೂನ್ 4ರಂದು ಆನೊನೆ ಊರಿನಲ್ಲಿ ಬಿಸಿಗಾಳಿಯ ಬಲೂನನ್ನು ಜನರೆದುರು ಹಾರಿಸಿದರು. ಹೊಗೆಯಲ್ಲೇ ಏನೋ ಎತ್ತುವ ಗುಣ ಇದೆ ಎಂದು ಅವರು ನಂಬಿದ್ದರು. ಅದಕ್ಕಾಗಿ ಒದ್ದೆ ಹುಲ್ಲು, ಉಣ್ಣೆ ಸುಟ್ಟು ದಟ್ಟ ಹೊಗೆ ಎಬ್ಬಿಸುತ್ತಿದ್ದರು. ಬಲೂನು ಹಾರಿತು ನಿಜ, ಆದರೆ ಹಾರಿಸಿದ್ದು ಹೊಗೆಯಲ್ಲ, ಬಿಸಿಯಾಗಿ ಹಿಗ್ಗಿ ಹಗುರವಾದ ಗಾಳಿ. ಅದೇ ವರ್ಷ ಪ್ಯಾರಿಸ್ಸಿನ ಭೌತವಿಜ್ಞಾನಿ ಜಾಕ್ ಶಾರ್ಲ್ ಬೇರೆ ದಾರಿ ಹಿಡಿದ. ಹೈಡ್ರೋಜನ್ ಎಷ್ಟು ಹಗುರ ಎನ್ನುವುದನ್ನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 1766ರಲ್ಲೇ ಅಳೆದು ಪ್ರಕಟಿಸಿದ್ದ. ಶಾರ್ಲ್ ಕಬ್ಬಿಣದ ಚೂರಿನ ಮೇಲೆ ಗಂಧಕಾಮ್ಲ ಸುರಿದು ಹೈಡ್ರೋಜನ್ ತಯಾರಿಸಿದ, ಸುಮಾರು ನಾಲ್ಕು ಮೀಟರ್ ಅಡ್ಡಳತೆಯ ರೇಷ್ಮೆ ಗೋಳಕ್ಕೆ ರಬ್ಬರಿನ ಲೇಪ ಕೊಟ್ಟು ಅದರಲ್ಲಿ ತುಂಬಿದ, ಆಗಸ್ಟ್ 27ರಂದು ಹಾರಿಸಿದ. ಡಿಸೆಂಬರ್ 1ರಂದು ತಾನೇ ಹೈಡ್ರೋಜನ್ ಬಲೂನಿನಲ್ಲಿ ಮೇಲೇರಿದ. ಕವಾಟ, ಮರಳಿನ ಚೀಲ, ಎತ್ತರ ತಿಳಿಯಲು ವಾಯುಭಾರಮಾಪಕ ಎಲ್ಲವೂ ಅವನ ಬುಟ್ಟಿಯಲ್ಲಿದ್ದವು. ಮುಂದೆ ನೂರಾರು ವರ್ಷ ಗ್ಯಾಸ್ ಬಲೂನುಗಳು ಅದೇ ಮಾದರಿಯಲ್ಲಿ ನಡೆದವು. ಮಾಂಟ್‌ಗೋಲ್ಫಿಯೆ ಸಹೋದರರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ನೀವು ಕಲಿಯಬೇಕಾದದ್ದು ಶಾರ್ಲ್‌ನಿಂದ.

ಈಗ ನಿಮ್ಮ ಬಲೂನಿಗೆ ಬರೋಣ. ಪುಸ್ತಕದಲ್ಲಿರುವ 1.225 ಎನ್ನುವ ಅಂಕಿ ಸಮುದ್ರಮಟ್ಟದ್ದು, ನಿಮ್ಮ ಮೈದಾನದ್ದಲ್ಲ. ನಿಮ್ಮ ಮೈದಾನದ ಗಾಳಿಯ ಸಾಂದ್ರತೆಯನ್ನು ನೀವೇ ಕಂಡುಹಿಡಿಯಬೇಕು. ದಾರಿ ಸುಲಭ: ಗಾಳಿಯ ಒತ್ತಡವನ್ನು ಹೆಕ್ಟೋಪಾಸ್ಕಲ್‌ನಲ್ಲಿ ತೆಗೆದುಕೊಂಡು 0.348ರಿಂದ ಗುಣಿಸಿ, ಕೆಲ್ವಿನ್ ಉಷ್ಣಾಂಶದಿಂದ ಭಾಗಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿನ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. 25 ಡಿಗ್ರಿ ಎಂದರೆ 298 ಕೆಲ್ವಿನ್. ಉತ್ತರ 1.063 ಕಿಲೋ. ಹೀಲಿಯಂ ಗಾಳಿಯ ನೂರಕ್ಕೆ 13.8ರಷ್ಟು ತೂಗುತ್ತದೆ, ಅಂದರೆ 0.147 ಕಿಲೋ. ಕಳೆದರೆ ಘನ ಮೀಟರಿಗೆ 0.916 ಕಿಲೋ ಎತ್ತುವ ಬಲ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ನಡೆಯಿರಿ. ಮೊಬೈಲಿನ ಹವಾಮಾನ ಆ್ಯಪ್ ತೆರೆದರೆ ಬೆಂಗಳೂರಿನ ಒತ್ತಡ 1012, 1013 ಎಂದು ತೋರಿಸುತ್ತದೆ. ಅದು ಊರಿನ ನಿಜವಾದ ಒತ್ತಡವಲ್ಲ. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಅನುಕೂಲವಾಗಲೆಂದು ಹವಾಮಾನದವರು ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಅಂಕಿ. ನಿಮಗೆ ಬೇಕಾದದ್ದು ನೀವು ನಿಂತ ಜಾಗದ ಒತ್ತಡ. ಹಲವು ಮೊಬೈಲುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಅದರ ನೇರ ಅಂಕಿಯನ್ನೇ ಬಳಸಿ. ತಪ್ಪು ಅಂಕಿ ಹಿಡಿದರೆ ಎಷ್ಟು ನಷ್ಟ ಎನ್ನುವುದನ್ನು ಮುಂದಿನ ಉದಾಹರಣೆಯಲ್ಲೇ ನೋಡಿ.

ಥರ್ಮಾಕೋಲ್ ಡಬ್ಬ, ಅದರೊಳಗಿನ ಕ್ಯಾಮೆರಾ, ಬ್ಯಾಟರಿ, ಎಲ್ಲಿದೆ ಎಂದು ತಿಳಿಸುವ ಟ್ರ್ಯಾಕರ್ ಎಲ್ಲ ಸೇರಿ 800 ಗ್ರಾಂ ಎಂದು ಇಟ್ಟುಕೊಳ್ಳಿ. ಪ್ಯಾರಾಚೂಟ್ 200 ಗ್ರಾಂ. ದಾರ, ಅಂಟು ಟೇಪು, ಕೊಕ್ಕೆಗಳು 200 ಗ್ರಾಂ. ಬಲೂನಿನ ರಬ್ಬರು 1200 ಗ್ರಾಂ. ಒಟ್ಟು 2.4 ಕಿಲೋ. ಇದು ಎರಡನೆಯ ಕಳೆಯುವಿಕೆ. ಇಷ್ಟನ್ನೇ ಎತ್ತುವಷ್ಟು ಗ್ಯಾಸ್ ತುಂಬಿದರೆ ಬಲೂನು ಏರುವುದಿಲ್ಲ, ಇಳಿಯುವುದೂ ಇಲ್ಲ, ಎದೆಮಟ್ಟದಲ್ಲಿ ತೂಗಾಡುತ್ತ ಗಾಳಿ ಬೀಸಿದ ಕಡೆ ಹೋಗಿ ಕರೆಂಟಿನ ತಂತಿಗೆ ಸಿಕ್ಕಿಕೊಳ್ಳುತ್ತದೆ. ಏರಬೇಕಾದರೆ ಮೇಲೊಂದಿಷ್ಟು ಬಲ ಮಿಕ್ಕಿರಬೇಕು. ಇಷ್ಟು ದೊಡ್ಡ ಬಲೂನು ಸೆಕೆಂಡಿಗೆ ಹತ್ತಿರ ಹತ್ತಿರ 5 ಮೀಟರ್ ವೇಗದಲ್ಲಿ ಏರಲು ಸುಮಾರು ಒಂದು ಕಿಲೋದಷ್ಟು ಮಿಗುವ ಬಲ ಬೇಕು. ಹಾಗಾಗಿ ಬೇಕಾದ ಒಟ್ಟು ಬಲ 3.4 ಕಿಲೋ. ಅದನ್ನು 0.916ರಿಂದ ಭಾಗಿಸಿದರೆ 3.7 ಘನ ಮೀಟರ್ ಹೀಲಿಯಂ. ಏಳು ಘನ ಮೀಟರಿನ ಸಿಲಿಂಡರ್ ತಂದರೆ ಸುಮಾರು ಅರ್ಧ ಖರ್ಚಾಗುತ್ತದೆ. ಆ್ಯಪ್ ತೋರಿಸಿದ 1013ನ್ನು ನಂಬಿದ್ದರೆ ನಿಮ್ಮ ಲೆಕ್ಕದಲ್ಲಿ 3.3 ಘನ ಮೀಟರೇ ಸಾಕು ಎಂದು ಬರುತ್ತಿತ್ತು. ಆಗ ಮಿಗುವ ಬಲ ಒಂದು ಕಿಲೋದಿಂದ ಸುಮಾರು 650 ಗ್ರಾಮಿಗೆ ಇಳಿಯುತ್ತಿತ್ತು. ಏರುವ ವೇಗ ತಗ್ಗಿ, ಗಾಳಿ ಅದನ್ನು ಇನ್ನಷ್ಟು ದೂರ ಒಯ್ಯುತ್ತಿತ್ತು. ಎಲ್ಲಿ ಬೀಳುತ್ತದೆ ಎಂದು ನೀವು ಕಾದು ನಿಂತಿದ್ದೀರೋ ಅಲ್ಲಿ ಅದು ಬೀಳುತ್ತಿರಲಿಲ್ಲ.

ಇದೇ ಬಲೂನನ್ನು ಮಂಗಳೂರಿನಲ್ಲಿ ತುಂಬಿದರೆ? ಒತ್ತಡ 1010, ಉಷ್ಣಾಂಶ 30 ಡಿಗ್ರಿ ಎಂದುಕೊಳ್ಳಿ. ಎತ್ತುವ ಬಲ ಘನ ಮೀಟರಿಗೆ ಸರಿಯಾಗಿ ಒಂದು ಕಿಲೋ ಬರುತ್ತದೆ, 3.4 ಘನ ಮೀಟರ್ ಸಾಕು. ಮಳೆಗಾಲದ ತೇವವನ್ನೂ ಮರೆಯಬೇಡಿ. ತೇವದ ಗಾಳಿ ಭಾರ ಎಂದು ಮೈಗೆ ಅನ್ನಿಸುತ್ತದೆ, ಆದರೆ ನೀರಾವಿಯ ಅಣು ಗಾಳಿಯ ಸರಾಸರಿ ಅಣುವಿಗಿಂತ ಹಗುರ. ಕರಾವಳಿಯ ಸೆಕೆಯಲ್ಲಿ ಎತ್ತುವ ಬಲ ನೂರಕ್ಕೆ ಒಂದರಷ್ಟು ಕಡಿಮೆಯೇ ಆಗುತ್ತದೆ. ಇನ್ನೊಂದು ವಿಷಯ ಇಲ್ಲಿಯೇ ಗಮನಿಸಿ. ಬೆಂಗಳೂರಿನಲ್ಲಿ 3.7, ಮಂಗಳೂರಿನಲ್ಲಿ 3.4 ಘನ ಮೀಟರ್ ಎಂದರೂ ಸಿಲಿಂಡರಿನಿಂದ ಖರ್ಚಾಗುವ ಹೀಲಿಯಂನ ತೂಕ ಎರಡೂ ಕಡೆ ಒಂದೇ. ಒಂದು ಕಿಲೋ ಹೀಲಿಯಂ, ಸುತ್ತಲಿನ ಗಾಳಿಯಷ್ಟೇ ಒತ್ತಡ ಮತ್ತು ಉಷ್ಣಾಂಶದಲ್ಲಿ ಇದ್ದರೆ, ಎಲ್ಲೇ ಆಗಲಿ 7.2 ಕಿಲೋ ಗಾಳಿಯ ಜಾಗ ಹಿಡಿಯುತ್ತದೆ. ಗಾಳಿ ತೆಳುವಾದರೆ ಹೀಲಿಯಂ ಅಷ್ಟೇ ಹಿಗ್ಗುತ್ತದೆ.

ಇದರಿಂದಲೇ ಬಲೂನು ಅಷ್ಟು ಎತ್ತರ ಹೋಗುವುದು ಸಾಧ್ಯ. ರಬ್ಬರು ಹಿಗ್ಗುವಷ್ಟು ಕಾಲ ಎತ್ತುವ ಬಲ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನೆಲದಲ್ಲಿ ನಿಮ್ಮ ಬಲೂನಿನ ಅಡ್ಡಳತೆ 1.9 ಮೀಟರ್. ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಎಷ್ಟು ತೆಳುವೆಂದರೆ ಘನ ಮೀಟರಿಗೆ 18 ಗ್ರಾಂ ಮಾತ್ರ. ಅಷ್ಟರಲ್ಲಿ ಬಲೂನು ಐವತ್ತೆಂಟು ಪಟ್ಟು ಹಿಗ್ಗಿ ಏಳು ಮೀಟರಿಗೂ ಹೆಚ್ಚು ಅಗಲವಾಗಿರುತ್ತದೆ. ಇನ್ನೂ ಏರಿದರೆ ರಬ್ಬರು ತಾಳದೆ ಒಡೆಯುತ್ತದೆ, ಡಬ್ಬ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಹೆಚ್ಚು ಗ್ಯಾಸ್ ತುಂಬಿದರೆ ಹೆಚ್ಚು ಎತ್ತರ ಎನ್ನುವ ಭ್ರಮೆ ಬೇಡ. ಹೆಚ್ಚು ತುಂಬಿದ ಬಲೂನು ಬೇಗ ಏರುತ್ತದೆ, ಆದರೆ ಕೆಳಗೇ ಒಡೆಯುತ್ತದೆ. ಶಾರ್ಲ್‌ನ ಮೊದಲ ಬಲೂನಿಗೆ ಆದದ್ದೂ ಅದೇ. ಅದರ ರೇಷ್ಮೆ ಹಿಗ್ಗುವಂಥದ್ದಲ್ಲ, ಬಾಯಿ ಮುಚ್ಚಿತ್ತು. ಮೇಲೆ ಹೋದಂತೆ ಒಳಗಿನ ಗ್ಯಾಸ್ ಹಿಗ್ಗಿ ಅದು ಹರಿದು ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು, ಹೆದರಿದ ರೈತರು ಅದನ್ನು ಚಚ್ಚಿ ಹರಿದು ಹಾಕಿದರು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದವರು ಹಾರಿಸುವ ದೊಡ್ಡ ಪ್ಲಾಸ್ಟಿಕ್ ಬಲೂನುಗಳು ನೆಲ ಬಿಡುವಾಗ ಬಹುತೇಕ ಖಾಲಿಯಾಗಿ ಜೋತಾಡುತ್ತಿರುತ್ತವೆ. ಮೇಲೆ ಹಿಗ್ಗುವುದಕ್ಕೆ ಜಾಗ ಇಟ್ಟೇ ಅವರು ತುಂಬುತ್ತಾರೆ.

ಕಾಗದದ ಲೆಕ್ಕ ಮುಗಿದ ಮೇಲೆ ಮೈದಾನದಲ್ಲಿ ಅದನ್ನು ಪರೀಕ್ಷಿಸುವ ಕ್ರಮವೂ ಇದೆ. ಸಿಲಿಂಡರಿನ ಮುಳ್ಳನ್ನು ನಂಬಿ ತುಂಬಬೇಡಿ. ಡಬ್ಬ, ಪ್ಯಾರಾಚೂಟ್, ದಾರಕ್ಕೆ ನಾನು ಮೇಲೆ ಬರೆದ ಅಂಕಿಯನ್ನೇ ಹಿಡಿಯಿರಿ: 800, 200, 200 ಸೇರಿ 1.2 ಕಿಲೋ. ಅದಕ್ಕೆ ಮಿಗುವ ಬಲ ಒಂದು ಕಿಲೋ ಸೇರಿಸಿ, 2.2 ಕಿಲೋ. ಒಂದು ನೀರಿನ ಕ್ಯಾನ್ ತೆಗೆದುಕೊಂಡು, ಕ್ಯಾನ್, ನೀರು, ತುಂಬುವ ಪೈಪಿನ ತುದಿ ಎಲ್ಲ ಸೇರಿ 2.2 ಕಿಲೋ ಆಗುವಂತೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಅದನ್ನು ಬಲೂನಿನ ಕತ್ತಿಗೆ ಕಟ್ಟಿ ನಿಧಾನವಾಗಿ ತುಂಬುತ್ತ ಹೋಗಿ. ಕ್ಯಾನ್ ನೆಲದಿಂದ ಅಲ್ಪ ಮೇಲೆದ್ದು, ಏರದೆ ಇಳಿಯದೆ ನಿಂತಾಗ ತುಂಬುವುದನ್ನು ನಿಲ್ಲಿಸಿ. ರಬ್ಬರಿನ 1200 ಗ್ರಾಮನ್ನು ಬಲೂನು ತಾನೇ ಹೊತ್ತಿರುತ್ತದೆ, ಅದನ್ನು ಕ್ಯಾನಿಗೆ ಸೇರಿಸಬೇಡಿ. ಈ ಕೆಲಸ ಗಾಳಿ ಇಲ್ಲದ ಬೆಳಗಿನ ಜಾವ ಅಥವಾ ಮರೆಯಲ್ಲಿ ನಡೆಯಲಿ. ಗಾಳಿ ಬೀಸುತ್ತಿದ್ದರೆ ತೂಕದ ಲೆಕ್ಕ ಸುಳ್ಳಾಗುತ್ತದೆ. ಸಿಲಿಂಡರಿನ ಹೀಲಿಯಂ ಶುದ್ಧವಿಲ್ಲದಿದ್ದರೂ ಈ ಪರೀಕ್ಷೆ ಹೇಳಿಬಿಡುತ್ತದೆ: ನೂರಕ್ಕೆ ಐದರಷ್ಟು ಗಾಳಿ ಬೆರೆತಿದ್ದರೆ ಎತ್ತುವ ಬಲವೂ ನೂರಕ್ಕೆ ಐದರಷ್ಟು ಕುಗ್ಗಿರುತ್ತದೆ, ಕ್ಯಾನ್ ಏಳಲು ಹೆಚ್ಚು ಗ್ಯಾಸ್ ಬೇಕಾಗುತ್ತದೆ.

ಬಿಸಿಗಾಳಿಯ ಬಲೂನಿನಲ್ಲಿ ಕಳೆಯುವ ಕ್ರಮ ಅದೇ, ಆದರೆ ಕೈಗೆ ಸಿಗುವುದು ಬಹಳ ಕಡಿಮೆ. ಟರ್ಕಿಯ ಕಪಡೋಕಿಯಾದಲ್ಲಿ ಪ್ರವಾಸಿಗರನ್ನು ಹೊತ್ತ ಬಲೂನುಗಳು ಸೂರ್ಯೋದಯದ ಹೊತ್ತಿಗೆ ಸಾಲುಸಾಲಾಗಿ ಏಳುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅಷ್ಟು ಬೇಗ ಯಾಕೆ ಎನ್ನುವುದನ್ನು ಲೆಕ್ಕ ಹೇಳುತ್ತದೆ. ಆ ಪ್ರದೇಶ ಸಾವಿರ ಮೀಟರಿನ ಆಸುಪಾಸು ಎತ್ತರದಲ್ಲಿದೆ, ಒತ್ತಡ 900 ಹೆಕ್ಟೋಪಾಸ್ಕಲ್ ಎಂದುಕೊಳ್ಳೋಣ. ಮುಂಜಾನೆ ಹೊರಗೆ 5 ಡಿಗ್ರಿ, ಬಲೂನಿನೊಳಗೆ 95 ಡಿಗ್ರಿ. ಹೊರಗಿನ ಗಾಳಿ ಘನ ಮೀಟರಿಗೆ 1.127 ಕಿಲೋ, ಒಳಗಿನದು 0.851. ವ್ಯತ್ಯಾಸ 0.276. ಮೂರು ಸಾವಿರ ಘನ ಮೀಟರಿನ ಬಲೂನು 828 ಕಿಲೋ ಎತ್ತುತ್ತದೆ. ಬಟ್ಟೆ, ಬುಟ್ಟಿ, ಬರ್ನರ್, ಸಿಲಿಂಡರುಗಳಿಗೆ 350 ಕಿಲೋ ಕಳೆದರೆ 478 ಕಿಲೋ ಉಳಿಯುತ್ತದೆ. ತಲಾ 75 ಕಿಲೋದ ಆರು ಜನ ಹೋಗಬಹುದು. ಅದೇ ಬಲೂನನ್ನು ಮಧ್ಯಾಹ್ನ 30 ಡಿಗ್ರಿ ಬಿಸಿಲಿನಲ್ಲಿ ಎಬ್ಬಿಸಿದರೆ ಹೊರಗಿನ ಗಾಳಿ 1.034 ಕಿಲೋಗೆ ಇಳಿದಿರುತ್ತದೆ, ಎತ್ತುವ ಬಲ 549 ಕಿಲೋಗೆ ಕುಸಿಯುತ್ತದೆ. ಕಳೆದ ಮೇಲೆ ಉಳಿಯುವುದು 199 ಕಿಲೋ, ಎರಡೇ ಜನ. ಬಲೂನು ಅದೇ, ಬೆಂಕಿ ಅದೇ, ಬದಲಾದದ್ದು ಹೊರಗಿನ ಗಾಳಿ. ಇನ್ನಷ್ಟು ಕಾಯಿಸೋಣ ಎಂದರೆ ನೈಲಾನ್ ಬಟ್ಟೆ ತಾಳುವುದಿಲ್ಲ. ಸಾಲದ್ದಕ್ಕೆ ಮಧ್ಯಾಹ್ನದ ನೆಲದಿಂದ ಏಳುವ ಬಿಸಿ ಗಾಳಿ ಬಲೂನನ್ನು ಎತ್ತ ಬೇಕಾದರೂ ಎಳೆದಾಡುತ್ತದೆ.

ಬಿಸಿಗಾಳಿಗೆ ಗಾತ್ರವೇ ಆಸರೆ. ಅಡ್ಡಳತೆ ಎರಡು ಪಟ್ಟಾದರೆ ಹೊದಿಕೆ ನಾಲ್ಕು ಪಟ್ಟಾಗುತ್ತದೆ, ಒಳಗಿನ ಜಾಗ ಎಂಟು ಪಟ್ಟಾಗುತ್ತದೆ. ಹುಟ್ಟುಹಬ್ಬಕ್ಕೆ ಊದುವ ಒಂದು ಅಡಿಗಿಂತ ಸ್ವಲ್ಪ ಚಿಕ್ಕ ಬಲೂನು ಹನ್ನೊಂದೂವರೆ ಲೀಟರ್ ಹಿಡಿಯುತ್ತದೆ, ಅದರ ರಬ್ಬರು ಸುಮಾರು ಮೂರು ಗ್ರಾಂ. ಬೆಂಗಳೂರಿನಲ್ಲಿ ಹೀಲಿಯಂ ತುಂಬಿದರೆ ರಬ್ಬರಿನ ತೂಕ ಕಳೆದು ಏಳೂವರೆ ಗ್ರಾಂ ಎತ್ತುತ್ತದೆ. ನೂರು ಡಿಗ್ರಿಯ ಗಾಳಿ ತುಂಬಲು ಸಾಧ್ಯವಾದರೂ ಎರಡೂವರೆ ಗ್ರಾಮಿನಷ್ಟೇ ಬಲ ಬಂದು, ರಬ್ಬರಿನ ಭಾರಕ್ಕೇ ಅದು ನೆಲ ಬಿಡುವುದಿಲ್ಲ. 1783ರ ನವೆಂಬರ್ 21ರಂದು ಮೊದಲ ಬಾರಿಗೆ ಪಿಲಾತ್ರ್ ದ ರೋಜಿಯೆ ಮತ್ತು ಮಾರ್ಕ್ವಿಸ್ ದಾರ್ಲಾಂದ್ ಇಬ್ಬರನ್ನು ಪ್ಯಾರಿಸ್ಸಿನ ಮೇಲೆ ಹೊತ್ತೊಯ್ದ ಬಿಸಿಗಾಳಿ ಬಲೂನು ಇಪ್ಪತ್ತು ಮೀಟರಿಗೂ ಎತ್ತರವಾಗಿದ್ದದ್ದು ಇದಕ್ಕೇ. ಬಲೂನು ಕಟ್ಟಿಕೊಂಡು ಮಗು ಹಾರಿಹೋಗುವ ಸಿನಿಮಾ ದೃಶ್ಯವನ್ನೂ ನೀವೇ ಲೆಕ್ಕ ಹಾಕಿ: ಇಪ್ಪತ್ತು ಕಿಲೋದ ಮಗುವಿಗೆ ಇಂಥ ಎರಡೂವರೆ ಸಾವಿರಕ್ಕೂ ಹೆಚ್ಚು ಹೀಲಿಯಂ ಬಲೂನು ಬೇಕು.

ಲೆಕ್ಕದಲ್ಲಿ ಉಳಿತಾಯವನ್ನೂ ಇಡಿ. 1785ರ ಜನವರಿ 7ರಂದು ಬ್ಲಾಂಷಾರ್ ಮತ್ತು ಜೆಫ್ರೀಸ್ ಎಂಬ ಇಬ್ಬರು ಹೈಡ್ರೋಜನ್ ಬಲೂನಿನಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಕಡಲು ದಾಟಿದರು. ಅರ್ಧ ದಾರಿಯಲ್ಲಿ ಬಲೂನು ಇಳಿಯತೊಡಗಿತು. ಮರಳಿನ ಚೀಲಗಳನ್ನು ಎಸೆದರು, ಸಾಮಾನು ಎಸೆದರು, ಕೊನೆಗೆ ಮೈಮೇಲಿನ ಕೋಟುಗಳನ್ನೂ ಕಳಚಿ ಎಸೆದು ಹೇಗೋ ದಡ ಸೇರಿದರು. ಎಸೆಯಲು ಏನಾದರೂ ಉಳಿದಿತ್ತು ಎಂಬುದರಿಂದ ಬದುಕಿದರು. ನಿಮ್ಮ ಡಬ್ಬದಲ್ಲಿ ಎಸೆಯುವವರು ಯಾರೂ ಕೂತಿರುವುದಿಲ್ಲ. ಹಾಗಾಗಿ ಉಳಿತಾಯವನ್ನು ನೆಲದಲ್ಲೇ ಇಟ್ಟು ಕಳಿಸಬೇಕು.

ಇನ್ನು ಕೊನೆಯ ಮಾತು, ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ನೂರಕ್ಕೆ ಏಳರಷ್ಟು ಹೆಚ್ಚು ಬಲಕ್ಕಾಗಿ, ಅಗ್ಗ ಎಂಬ ಕಾರಣಕ್ಕಾಗಿ ಹೈಡ್ರೋಜನ್ ಮುಟ್ಟಬೇಡಿ. ಗಾಳಿಯಲ್ಲಿ ನೂರಕ್ಕೆ 4ರಿಂದ 75ರವರೆಗೆ ಅದು ಎಷ್ಟು ಬೆರೆತಿದ್ದರೂ ಹೊತ್ತಿಕೊಳ್ಳುತ್ತದೆ, ನೈಲಾನ್ ಬಟ್ಟೆಯ ಒಂದು ಸಣ್ಣ ಕಿಡಿ ಸಾಕು. ಮನುಷ್ಯರಲ್ಲಿ ಮೊದಲು ಹಾರಿದ ಆ ಪಿಲಾತ್ರ್ ದ ರೋಜಿಯೆ 1785ರ ಜೂನ್ 15ರಂದು ಹೈಡ್ರೋಜನ್ ಗೋಳ ಮತ್ತು ಬಿಸಿಗಾಳಿಯ ಚೀಲ ಎರಡನ್ನೂ ಜೋಡಿಸಿ ಕಡಲು ದಾಟಲು ಹೊರಟು, ಬಿದ್ದು ಸತ್ತ. ನಮ್ಮ ಜಾತ್ರೆಗಳಲ್ಲಿ, ರಸ್ತೆ ಬದಿಯಲ್ಲಿ ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಪುಡಿಯಿಂದ ಹಳೆಯ ಸಿಲಿಂಡರಿನೊಳಗೇ ಹೈಡ್ರೋಜನ್ ತಯಾರಿಸಿ ಬಲೂನು ಮಾರುವುದುಂಟು. ಅಂಥ ಸಿಲಿಂಡರ್ ಸಿಡಿದು ಮಾರುವವರೂ ಮಕ್ಕಳೂ ಸತ್ತ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಅದನ್ನು ಪ್ರಯೋಗಶಾಲೆಯಲ್ಲೂ ಅನುಕರಿಸಬೇಡಿ. ಹವಾಮಾನ ಇಲಾಖೆಯವರು, ಸಂಶೋಧನಾ ಕೇಂದ್ರದವರು ಹೈಡ್ರೋಜನ್ ಬಳಸುವುದು ಅದಕ್ಕೆಂದೇ ತರಬೇತಿ ಪಡೆದು. ಹೀಲಿಯಂ ಉರಿಯುವುದಿಲ್ಲ, ಆದರೆ ದನಿ ಬದಲಾಗುವ ತಮಾಷೆಗೆ ಅದನ್ನು ಎಳೆದುಕೊಳ್ಳಬೇಡಿ. ಶ್ವಾಸಕೋಶದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದರೆ ಪ್ರಜ್ಞೆ ತಪ್ಪಿ ಪ್ರಾಣವೇ ಹೋಗಬಹುದು. ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಕೈಗೆ ಬರುವ ತನಕ ದಾರ ಬಿಚ್ಚಬೇಡಿ. ನಿಮ್ಮ ಡಬ್ಬ ಏರುವ ದಾರಿಯಲ್ಲೇ ನೂರಾರು ಜನರನ್ನು ಹೊತ್ತ ವಿಮಾನವೂ ಹಾರುತ್ತಿರುತ್ತದೆ.

ಮಕ್ಕಳೇ, ಲೆಕ್ಕವನ್ನು ಒಬ್ಬರೇ ಮಾಡಬೇಡಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ, ಬೇರೆ ಹಾಳೆಯಲ್ಲಿ ಮೊದಲಿಂದ ಮಾಡಲಿ. ಎರಡು ಉತ್ತರ ಒಂದೇ ಬಂದ ಮೇಲೆ ಸಿಲಿಂಡರ್ ತನ್ನಿ. ಅಂಟು ಟೇಪಿನ ತುಂಡನ್ನೂ ಬಿಡದೆ ತೂಗಿ. ಹೊರಡುವ ದಿನ ಮೈದಾನದಲ್ಲಿ ಒತ್ತಡ, ಉಷ್ಣಾಂಶ ಎರಡನ್ನೂ ಮತ್ತೆ ಅಳೆದು ಲೆಕ್ಕ ತಿದ್ದಿ. ಉತ್ತರ ಹೊಂದದಿದ್ದರೆ ಆ ದಿನ ಹಾರಿಸಬೇಡಿ, ಮುಂದಿನ ವಾರ ಹಾರಿಸಿ.